ಇಂದಿನ ಚಿಂತನೆ: ಅರ್ಧ ಅಂಕ



ಹವ್ಯಾಸಿಗಳ ಚೆಸ್ ಟೂರ್ನಿ, ಕೊನೆಯ ಸುತ್ತು. ನನಗೆ ಉಳಿದದ್ದು ರಾಜ, ಆನೆ. ಎದುರಾಳಿಗೆ ಜೊತೆಗೊಂದು ಕಾಲಾಳು. ಇದಕ್ಕೆ ಫ್ರಾನ್ಸಿನ ಫಿಲಿಡೋರ್ 1777ರಲ್ಲೇ ದಾರಿ ತೋರಿಸಿದ್ದಾರೆ. ನಮ್ಮ ರಾಜ ಕಾಲಾಳಿಗೆ ಅಡ್ಡ ನಿಲ್ಲಬೇಕು. ಆನೆ ನಮ್ಮ ಮೂರನೇ ಸಾಲನ್ನು ಕಾಯಬೇಕು, ಎದುರು ರಾಜ ಅಲ್ಲಿಗೆ ಬರಲಾರ. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ದೂರದ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡುತ್ತಿರಬೇಕು. ಆಗ ಎದುರು ರಾಜನಿಗೆ ಮರೆಯಿಲ್ಲ.

ಮೊದಲೇ ಚೆಕ್ ಕೊಡಲು ಕೈ ತುರಿಸುತ್ತಿತ್ತು. ಆದರೂ ಕಾದೆ. ಕಾಲಾಳು ಮುಂದೆ ಬಂತು, ಆನೆ ಹೊರಟಿತು. ಡ್ರಾ, ಇಬ್ಬರಿಗೂ ಅರ್ಧ ಅಂಕ.

ಸಮಚಿತ್ತಕ್ಕೆ ಎರಡೂ ಬೇಕು: ಕಾಯುವಾಗ ಅವಸರಪಡದಿರುವುದು, ಸ್ಥಿತಿ ಬದಲಾದಾಗ ತಡಮಾಡದಿರುವುದು.

ಇಂದು ಕೇಳಿಕೊಳ್ಳೋಣ: ನನ್ನ ಮುಂದಿರುವ ಕಷ್ಟಕ್ಕೆ ಇದು ಸಾಲು ಕಾಯುವ ಹೊತ್ತೋ, ಆನೆ ಹೊರಡುವ ಹೊತ್ತೋ?