ಬೂದಿಕೋಟೆಯ ಕಿವಿಪಾಠ

ಬೂದಿಕೋಟೆಯಲ್ಲಿ ಹುಟ್ಟಿ ಅತಿ ಹೆಚ್ಚು ಹೆಸರು ಮಾಡಿದವನಿಗೆ ಓದು ಬರಹ ಬರುತ್ತಿರಲಿಲ್ಲ. 1720ರ ಆಸುಪಾಸಿನಲ್ಲಿ ಇಲ್ಲಿ ಕಣ್ಣುಬಿಟ್ಟ ಹೈದರ್ ಅಲಿ ಮುಂದೆ ಮೈಸೂರು ಸೀಮೆಯನ್ನೇ ಆಳಿದ. ಆದರೆ ಅವನು ಬರೆಯಲು ಕಲಿತದ್ದು ತನ್ನ ಹೆಸರಿನ ಮೊದಲ ಅಕ್ಷರವೊಂದನ್ನೇ, ಅದನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದ ಎಂದು ಕರ್ನಲ್ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಹೇಳುತ್ತಾನೆ. ಅದೇ ಮನುಷ್ಯ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿಗಳಲ್ಲಿ ಸಲೀಸಾಗಿ ಮಾತಾಡುತ್ತಿದ್ದ. ಎಲ್ಲವೂ ಕೇಳಿ ಕಲಿತದ್ದು.

ಈ ಕಡೆಯ ಮೇಷ್ಟ್ರುಗಳಿಗೆ ಹೈದರನಿಂದ ಸಣ್ಣ ತಲೆನೋವೂ ಉಂಟು. ಹೋಂವರ್ಕ್ ಕೇಳಿದರೆ ಹಿಂದಿನ ಬೆಂಚಿನಿಂದ, ‘ಹೈದರಲೀಗೇ ಓದಕ್ಕೆ ಬರ್ತಿರ್ಲಿಲ್ವಲ್ಲ ಸಾ’ ಎಂಬ ದನಿ ಏಳುತ್ತದೆ. ‘ಓದಿ ಹೇಳೋಕೆ ಅವನ ಹತ್ರ ಮುನ್ಷಿಗಳಿದ್ರು. ನಿನ್ ಹತ್ರ ಯಾರಿದ್ದಾರಪ್ಪ?’ ಎಂದು ಕೇಳುವುದೇ ಅದಕ್ಕೆ ಸರಿಯಾದ ಉತ್ತರ. ತರಗತಿಯೆಲ್ಲ ನಗುತ್ತದೆ, ಪಾಠ ಮುಂದುವರಿಯುತ್ತದೆ.

ಬಂಗಾರಪೇಟೆ ತಾಲ್ಲೂಕಿನ ಈ ಊರಿಗೆ ಆಂಧ್ರವೂ ದೂರವಲ್ಲ, ತಮಿಳುನಾಡೂ ದೂರವಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ದಖನಿ, ಕೆಜಿಎಫ್ ಕಡೆಯ ನೆಂಟರು ಬಂದರೆ ತಮಿಳು. ಇಂಥ ಮಗು ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಬರೆಯಬೇಕು. ವರ್ಗವಾಗಿ ಬಂದ ಮೇಷ್ಟ್ರು ಕೆಲವರು ಮೊದಲ ವಾರವೇ ತೀರ್ಪು ಕೊಟ್ಟುಬಿಡುತ್ತಾರೆ: ‘ಇವಕ್ಕೆ ಭಾಷೆನೇ ಬರಲ್ಲ.’ ಮೂರು ಭಾಷೆ ಆಡುವ ಮಗುವಿನ ಬಗ್ಗೆ ಒಂದೂವರೆ ಭಾಷೆ ಬಲ್ಲವರು ಆಡುವ ಮಾತು ಇದು. ಈ ಕಡೆಯ ತರಗತಿಗಳಲ್ಲಿ ನಿಂತು ಪಾಠ ಮಾಡಿದ ಈ ಲೇಖಕನಿಗೆ ಮನವರಿಕೆಯಾಗಿರುವುದು ಬೇರೆಯೇ. ಇಲ್ಲಿನ ಮಕ್ಕಳ ಕಿವಿ ಪುಸ್ತಕಕ್ಕಿಂತ ಬಹಳ ಮುಂದಿದೆ. ಪಾಠ ಅಲ್ಲಿಂದ ಶುರುವಾದರೆ ಓದು ತಾನಾಗಿ ಹಿಂದೆ ಬರುತ್ತದೆ.

ಕೊನೆಯ ಸಾಲಿನ ಹುಡುಗನೊಬ್ಬನನ್ನು ನೋಡಿ. ಪುಸ್ತಕ ಕೊಟ್ಟರೆ ಬೆರಳು ಸಾಲಿನ ಮೇಲೆ ಹರಿಯುತ್ತದೆ, ಬಾಯಿ ಮಾತ್ರ ಬಿಚ್ಚುವುದಿಲ್ಲ. ಮನೆಯಲ್ಲಿ ರೇಷ್ಮೆ ಸಾಕಿದ್ದಾರೆ. ‘ಹುಳ ಎಷ್ಟನೇ ಜ್ವರದಲ್ಲಿದೆಯೋ?’ ಎಂದು ಮೇಷ್ಟ್ರು ಕೇಳಿದ್ದೇ ತಡ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತು ಹರಿಯಿತು. ಹುಳು ಪೊರೆ ಬಿಡುವ ಹೊತ್ತಿಗೆ ರೇಷ್ಮೆ ಬೆಳೆಗಾರರು ಜ್ವರ ಎನ್ನುತ್ತಾರೆ. ಆಗ ಅದು ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಸೊಪ್ಪು ಹಾಕಬಾರದು. ಮರಿ ಹುಳುವಿಗೆ ಎಲೆಯನ್ನು ಸಣ್ಣಗೆ ಹೆಚ್ಚಬೇಕು, ದೊಡ್ಡದಾದ ಮೇಲೆ ಕಡ್ಡಿ ಸಮೇತ ಹಾಕಿದರೂ ನಡೆಯುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಎಷ್ಟು ಹಾಕಿದರೂ ಸಾಲದು. ರಾತ್ರಿ ಹುಳು ಸೊಪ್ಪು ಮೇಯುವ ಸದ್ದು ಶೀಟಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ, ಹೆಕ್ಕಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಮೇಷ್ಟ್ರು ಅವನ ಬಾಯಿಂದ ಬಂದ ಕನ್ನಡದ ಸಾಲುಗಳನ್ನೇ ಕಪ್ಪುಹಲಗೆಯ ಮೇಲೆ ಬರೆದರು. ಅವನು ಒಂದಾದ ಮೇಲೊಂದನ್ನು ಓದಿದ, ತಡವರಿಸಲಿಲ್ಲ. ಮುಂದಿನ ಪದ ಯಾವುದೆಂದು ಅವನಿಗೆ ಮೊದಲೇ ಗೊತ್ತಿತ್ತು. ಅದು ಬರಹದಲ್ಲಿ ಹೇಗೆ ಕಾಣುತ್ತದೆ ಎಂಬುದಷ್ಟೇ ಹೊಸದು.

ಮರುವಾರ ಹುಡುಗ ಶಾಲೆಗೇ ಬರಲಿಲ್ಲ. ಹುಳು ಹಣ್ಣಾಗಿತ್ತು, ಮನೆಯಲ್ಲಿ ಕೈ ಸಾಲದು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಮುನ್ನ ಊರಿನ ಬೆಳೆ ಯಾವ ಹಂತದಲ್ಲಿದೆ ಎಂದು ವಿಚಾರಿಸುವ ಮೇಷ್ಟ್ರು ಕಿರುಪರೀಕ್ಷೆಯನ್ನು ನಾಲ್ಕು ದಿನ ಮುಂದೆ ಹಾಕುತ್ತಾರೆ. ಟೊಮೆಟೊ ಬಿಡಿಸುವ ಕಾಲಕ್ಕೂ ಇದೇ ಮಾತು.

ಕಿವಿಯ ವಿಷಯದಲ್ಲಿ ಬೂದಿಕೋಟೆಗೆ ಇನ್ನೊಂದು ಖ್ಯಾತಿಯೂ ಇದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಇಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯದ ಬಾನುಲಿಯನ್ನು ಕಟ್ಟಿದವು. ಬಾನುಲಿ ಎಂದರೂ ಅದು ಬಾನಿಗೆ ಏರುವಂತಿರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ 2002ರ ಕೊನೆಗೆ ಪರವಾನಗಿಯ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಾ ಸಂಸ್ಥೆಗಳು 2006ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಬೂದಿಕೋಟೆಯವರು ಟಿವಿಯ ಕೇಬಲ್ಲನ್ನೇ ಹಿಡಿದರು. ಚಿತ್ರವಿಲ್ಲದ ದನಿ ಆ ತಂತಿಯಲ್ಲೇ ಮನೆಮನೆಗೆ ಹೋಯಿತು. ಕಾರ್ಯಕ್ರಮ ಮಾಡಿದವರು ಸಂಘದ ಹೆಂಗಸರು, ಊರಿನ ಹುಡುಗ ಹುಡುಗಿಯರು. ಸರ್ಕಾರದ ಕಾನೂನಿಗಿಂತ ಹಳ್ಳಿ ಮುಂದೆ ನಡೆದ ಅಪರೂಪದ ಪ್ರಸಂಗ ಇದು.

ಮೇಷ್ಟ್ರುಗಳು ಅದರಿಂದ ಎತ್ತಿಕೊಳ್ಳಬಹುದಾದ ಉಪಾಯ ಬಹಳ ಸರಳ: ಮಗುವಿಗೆ ಅದರ ದನಿಯನ್ನೇ ಕೇಳಿಸುವುದು. ಈಗ ಸ್ಟುಡಿಯೋ ಬೇಡ, ಜೇಬಿನ ಮೊಬೈಲ್ ಸಾಕು. ಹುಡುಗಿಯೊಬ್ಬಳು ಒಂದು ಪ್ಯಾರಾ ಓದುತ್ತಾಳೆ, ಮೇಷ್ಟ್ರು ರೆಕಾರ್ಡ್ ಮಾಡಿ ಕೇಳಿಸುತ್ತಾರೆ. ಮೊದಲ ಸಲ ತರಗತಿಯೆಲ್ಲ ನಗು. ಅವಳೂ ಮುಖ ಮುಚ್ಚಿಕೊಂಡು ನಗುತ್ತಾಳೆ. ಎರಡನೇ ಸಲ ಕೇಳಿಸಿದಾಗ ತಾನೇ ಕೈ ಎತ್ತುತ್ತಾಳೆ: ‘ಸಾ, ಅಲ್ಲಿ ಹಳ್ಳಿ ಅನ್ನಬೇಕಿತ್ತು, ಅಳ್ಳಿ ಅಂದ್ಬಿಟ್ಟೆ. ಇನ್ನೊಂದ್ಸಲ ಓದ್ಲಾ?’ ಮೇಷ್ಟ್ರು ತಿದ್ದಿದ್ದರೆ ಅದು ಬೈಗುಳವಾಗುತ್ತಿತ್ತು, ಹಕಾರದ ಮೇಲೆ ಉಪನ್ಯಾಸವೂ ಆಗಿಬಿಡುತ್ತಿತ್ತು. ರೆಕಾರ್ಡನ್ನು ಅಲ್ಲೇ ಅಳಿಸಿಬಿಡಬೇಕು, ಯಾವ ಗ್ರೂಪಿಗೂ ಹಾಕಬಾರದು. ಒಮ್ಮೆ ಹೊರಗೆ ಹೋಯಿತೋ, ಮರುದಿನ ಯಾರೂ ಬಾಯಿ ಬಿಡುವುದಿಲ್ಲ.

ರೇಡಿಯೋ ಪಾಠಗಳಿಂದ ಕಲಿಯಬೇಕಾದ ಇನ್ನೊಂದು ಗುಣವಿದೆ. ಆಕಾಶವಾಣಿಯಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆಂದು ‘ಚಿಣ್ಣರ ಚುಕ್ಕಿ’, ‘ಕೇಳಿ-ಕಲಿ’ ಬರುತ್ತಿದ್ದವು. ಈ ಬಗೆಯ ಪಾಠದಲ್ಲಿ ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಮಕ್ಕಳು ಉತ್ತರ ಕೂಗಲೆಂದು ಬಿಟ್ಟ ಜಾಗ ಅದು. ‘ಹೇಳೋ ಬೇಗ’ ಎಂದು ಅದು ಎಂದೂ ಗದರುವುದಿಲ್ಲ. ತರಗತಿಯ ಮೇಷ್ಟ್ರಿಗೆ ಆ ತಾಳ್ಮೆ ಕಷ್ಟ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಅವಳು ನೋಡಿದ್ದು ಅಮೆರಿಕದ ತರಗತಿ. ಇಲ್ಲಿನ ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಯೋಚಿಸಿ, ಮತ್ತೆ ಕನ್ನಡಕ್ಕೆ ಬರಬೇಕು. ಅದಕ್ಕೆ ಐದು ಸೆಕೆಂಡು ಕೊಟ್ಟರೂ ಧಾರಾಳವೇನಲ್ಲ.

ಹಾಗೆಂದು ಕಿವಿಯೊಂದೇ ಸಾಕು ಎನ್ನುವಂತಿಲ್ಲ. ಇಪ್ಪತ್ತರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿ, ಏಳು ಕ್ರೇಟ್ ಟೊಮೆಟೊದ ಲೆಕ್ಕ ಕೇಳಿದರೆ ಕಕ್ಕಾಬಿಕ್ಕಿಯಾಗುವ ಮಕ್ಕಳು ಎಲ್ಲ ಶಾಲೆಯಲ್ಲೂ ಇದ್ದಾರೆ. ಅಲ್ಲಿ ದುಡಿಯುವುದು ಬಾಯಿ ಮಾತ್ರ. ಹೇಳುತ್ತಿರುವುದನ್ನು ಹೇಳುವವನೂ ಕೇಳಿಸಿಕೊಂಡಿರುವುದಿಲ್ಲ. ಹಾಡು, ಆಟ, ಗುಂಪು ಚಟುವಟಿಕೆಯ ನಲಿ-ಕಲಿ ಇದಕ್ಕೆ ಮದ್ದೆಂದೇ ಬಂತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಅದಕ್ಕೆ ಮಾದರಿ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು. ಮದನಪಲ್ಲಿ ಇರುವುದು ಕೋಲಾರ ಜಿಲ್ಲೆಯ ಗಡಿಯಾಚೆ ಹತ್ತಿರದಲ್ಲೇ. ಪಕ್ಕದ ಊರಿನ ಒಳ್ಳೆಯ ಸಂಗತಿ ಕೋಲಾರವನ್ನು ಹಾರಿ ಮೈಸೂರು ಸೇರಿ, ವರ್ಷಗಳ ಮೇಲೆ ಸರ್ಕಾರಿ ಆದೇಶವಾಗಿ ವಾಪಸು ಬಂತು!

ಮಗುವಿನ ಮಾತಿಗೆ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಕಡೆಯದೇ ಹಳೆಯ ನಿದರ್ಶನವೊಂದಿದೆ. ಗೌರಿಬಿದನೂರಿನ ಹೊಸೂರು ಆಗ ಕೋಲಾರ ಜಿಲ್ಲೆಗೇ ಸೇರಿತ್ತು. ಅಲ್ಲಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದ ಹುಡುಗ, ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದ. ಆ ಹುಡುಗನೇ ಎಚ್. ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಹಳ್ಳಿಯಿಂದ ಬಂದವನನ್ನು ಆ ಹೊತ್ತಿನಲ್ಲಿ ನಿಲ್ಲಿಸಿ ಮಾತಾಡಿಸಿದ ಶಾಲೆಯದೂ ದೊಡ್ಡತನವೇ.

ಕಾಲೇಜಿಗೆ ಹೋಗುವ ಹೊತ್ತಿಗೆ ಈ ಕಡೆಯ ಬಹಳ ಮಕ್ಕಳ ಓದುವ ಕೋಣೆ ರೈಲು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಅನ್ನದ ದಾರಿ ಬೆಂಗಳೂರಿನ ಹಳಿಯ ಮೇಲೆ ಬಿತ್ತು. ಮಾರಿಕುಪ್ಪಂನಲ್ಲಿ ಹತ್ತಿದವರು ಸೀಟು ಹಿಡಿಯುತ್ತಾರೆ; ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟುವಾಗಲೇ ಬೋಗಿ ತುಂಬುತ್ತದೆ. ಒಬ್ಬಳ ಕೈಯಲ್ಲಿ ನೋಟ್ಸ್, ಸುತ್ತ ಗೆಳತಿಯರು. ಅವಳು ಇಂಗ್ಲಿಷಿನಲ್ಲಿ ಓದುತ್ತಾಳೆ, ಇವರು ತಮಿಳಿನಲ್ಲಿ ಅನುಮಾನ ಕೇಳುತ್ತಾರೆ, ಕನ್ನಡದ ಹುಡುಗಿ ನಡುವೆ ಬಾಯಿ ಹಾಕುತ್ತಾಳೆ. ಬಂಗಾರಪೇಟೆಯಲ್ಲಿ ಮತ್ತಷ್ಟು ಜನ ನುಗ್ಗಿದ ಮೇಲೆ ಪುಸ್ತಕ ಬಿಚ್ಚಲು ಕೈಯೇ ಆಡುವುದಿಲ್ಲ. ನೋಟ್ಸ್ ಬ್ಯಾಗಿಗೆ ಹೋಗುತ್ತದೆ. ಅಲ್ಲಿಂದಾಚೆಗೆ ಒಬ್ಬಳು ಕೇಳುವುದು, ಇನ್ನೊಬ್ಬಳು ಹೇಳುವುದು, ತಪ್ಪಿದರೆ ಮೂರನೆಯವಳು ತಿದ್ದುವುದು. ಹಾಸ್ಟೆಲ್ಲಿನಲ್ಲಿ ಒಬ್ಬೊಬ್ಬರೇ ಕೂತು ಓದುವವರು ಬೇಕಾದರೆ ವಾರಕ್ಕೊಂದು ಸಂಜೆ ಈ ಕ್ರಮವನ್ನು ಟಿಕೆಟ್ಟಿಲ್ಲದೆ ಪರೀಕ್ಷಿಸಿ ನೋಡಬಹುದು.