ಸೇವೆಯ ಪ್ಯಾಕೇಜು, ಬೇಳೆಯ ಬಾಕಿ

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಮತ್ತು ಅವಳ ಗಂಡ ಹೋದ ಡಿಸೆಂಬರಿನಲ್ಲಿ ಹಿಂದೂಪುರದ ಬಳಿಯ ಒಂದು ಅನಾಥಾಶ್ರಮಕ್ಕೆ ಬಂದು ಎರಡು ವಾರ ಸೇವೆ ಮಾಡಿ ಹೋದರು. ಏರ್ಪಾಡೆಲ್ಲ ಅಮೆರಿಕದ್ದೇ ಒಂದು ಏಜೆನ್ಸಿಯದು. ವಿಮಾನದ ಟಿಕೆಟ್ಟು ತಲೆಗೆ 1,22,000, ಏಜೆನ್ಸಿ ಶುಲ್ಕ ತಲೆಗೆ 70,000. ಇಬ್ಬರಿಗೂ ಸೇರಿ 3,84,000 ರೂಪಾಯಿ. ಇದರಲ್ಲಿ ಆಶ್ರಮಕ್ಕೆ ಎಷ್ಟು ಸೇರಿತಮ್ಮ ಅಂದೆ. ‘ಅದನ್ನೇನೂ ಹೇಳಲಿಲ್ಲ ಮಾವ’ ಅಂದಳು.

ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಬಡ ವಿಧವೆಯ ಮಗು ಮನೆಯಲ್ಲೇ ಬೆಳೆಯಲಿ ಎಂದು ಸರ್ಕಾರ ಕೊಡುವುದು ತಿಂಗಳಿಗೆ 4,000. ವರ್ಷಕ್ಕೆ 48,000. 3,84,000ವನ್ನು ಅದರಿಂದ ಭಾಗಿಸಿ: ಎಂಟು. ಹತ್ತು ವರ್ಷದ ಮಗುವಿಗೆ ಹದಿನೆಂಟು ತುಂಬುವವರೆಗಿನ ಖರ್ಚು! ಅದೇ ದುಡ್ಡನ್ನು 7% ಬಡ್ಡಿಗೆ ಎಫ್‌ಡಿ ಇಟ್ಟು ವರ್ಷದ ಕೊನೆಗೆ 48,000 ತೆಗೆಯುತ್ತ ಹೋದರೆ ಸುಮಾರು 12 ವರ್ಷ ಬರುತ್ತದೆ. ಬೆಲೆಯೇರಿಕೆ, ತೆರಿಗೆ ಹಿಡಿದಿಲ್ಲ, ಸರಿ. ಹಿಡಿದರೂ ಎರಡು ವಾರಕ್ಕಂತೂ ಇಳಿಯುವುದಿಲ್ಲ.

ಆಶ್ರಮದ ಉಗ್ರಾಣ ನೋಡಿದ್ದೇನೆ. ಅಟ್ಟದ ತುಂಬ ಬೊಂಬೆ, ಬಣ್ಣದ ಪೆನ್ಸಿಲ್ಲು. ಕೆಳಗೆ ತೊಗರಿಬೇಳೆಯ ಡಬ್ಬದಲ್ಲಿ ತಳ ಕಾಣುತ್ತಿತ್ತು. ಅಂಗಡಿ ಬಾಕಿ, ವಾರ್ಡನ್ನಮ್ಮನ ಸಂಬಳ, ಎರಡೂ ನಿಂತಿದ್ದವು. ಇವನ್ನು ತೀರಿಸುವ ಪ್ಯಾಕೇಜನ್ನು ಯಾವ ಏಜೆನ್ಸಿಯೂ ಮಾರುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ!

ಹೊರದೇಶದ ದುಡ್ಡೇ ಬೇಡ ಅಂತಲ್ಲ. 1969ರಲ್ಲಿ ಅನಂತಪುರಕ್ಕೆ ಬಂದ ವಿಸೆಂಟ್ ಫೆರರ್ ಕಟ್ಟಿದ ಆರ್‌ಡಿಟಿ (ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್) ಸಂಸ್ಥೆಗೆ ಸ್ಪೇನಿನ ಮನೆಮನೆಗಳಿಂದ ಮಕ್ಕಳ ಹೆಸರಿನಲ್ಲಿ ತಿಂಗಳ ಕಂತು ಬಂತು. ಮಗು ತಾಯಿಯ ಹತ್ತಿರವೇ ಇತ್ತು, ದುಡ್ಡು ಊರಿನ ಕೆಲಸಕ್ಕೆ ಹೋಯಿತು. ಕಲ್ಯಾಣದುರ್ಗದಲ್ಲಿ ಅವರ ಆಸ್ಪತ್ರೆಯೇ ಇದೆ.

ಅಕ್ಕನ ಮಗಳದು ಭಾರತದ ಪಾಸ್‌ಪೋರ್ಟು. ಅವಳ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಅಳಿಯ ಅಮೆರಿಕದ ಪ್ರಜೆ. ಅವನು ಕೊಡಬೇಕಾದರೆ ಆಶ್ರಮಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ, ಬೇಕು, ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು. ಈ ಆಶ್ರಮಕ್ಕೆ ಎಫ್‌ಸಿಆರ್‌ಎ ಇಲ್ಲ. ಹಾಗಾಗಿ ಅವಳ ಖಾತೆಯಿಂದಲೇ ಕಳಿಸಲು ಹೇಳಿದ್ದೇನೆ.

ಇಲ್ಲಿಯವರೇನು ಕಮ್ಮಿಯೇ? ಹುಟ್ಟುಹಬ್ಬಕ್ಕೆ ಕೇಕು, ಅಪ್ಪನ ತಿಥಿಗೆ ಹೋಳಿಗೆ, ಎಲ್ಲ ಒಂದೇ ಭಾನುವಾರ. ಮಂಗಳವಾರ ಮಕ್ಕಳು ತಿಳಿಸಾರು ಉಣ್ಣುತ್ತವೆ. ತಿಂಗಳಿಗೆ ಐನೂರೇ ಆಗಲಿ, ಬ್ಯಾಂಕಿನಲ್ಲಿ ಹೇಳಿಟ್ಟರೆ 5ನೇ ತಾರೀಖು ತಾನಾಗಿ ಹೋಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ ಎಂದು ಕೈ ಹಿಂದೆಗೆಯುವವರು ಕೇಕಿನ ಬಿಲ್ಲಿಗೆ ಯಾವ ವಿನಾಯಿತಿ ಪಡೆದಿದ್ದರೋ ನನಗೆ ಗೊತ್ತಿಲ್ಲ.