ನಿವೇಶನ ದಲ್ಲಾಳಿಯ ಕಾನೂನು ಹೊಣೆ: ರೇರಾ ಮತ್ತು ಪಿಟಿಸಿಎಲ್
ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಹೋಬಳಿಯಂಥ ಕಡೆ ಗದ್ದೆ, ತೋಟಗಳು ಲೇಔಟ್ ಆಗುವಾಗ ದಲ್ಲಾಳಿ ಮೊದಲು ನೋಡಬೇಕಾದ್ದು ಜಮೀನಿನ ಮೂಲ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ? ಹಾಗಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಭೂಮಿಯನ್ನು ಮೂಲ ಮಂಜೂರುದಾರರಿಗೋ ವಾರಸುದಾರರಿಗೋ ಮರಳಿಸಬಹುದು. ಹೀಗೆ ಮರಳಿಸಲು ‘ನ್ಯಾಯಯುತ ಅವಧಿ’ಯಲ್ಲೇ ಅರ್ಜಿ ಬರಬೇಕೆಂದು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಆದರೆ 2023ರ ರಾಜ್ಯ ತಿದ್ದುಪಡಿ ಕಾಲಮಿತಿ ಇಲ್ಲವೆಂದಿತು. ಈ ತಿದ್ದುಪಡಿಯನ್ನು ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಮರೆಯಬಾರದು. ಹಾಗಾಗಿ ಇಪ್ಪತ್ತು ವರ್ಷದ ಪಹಣಿ ಸಾಲದು, ಮಂಜೂರಾತಿ ಆದೇಶವನ್ನೇ ಕೇಳಬೇಕು.

ಕೃಷಿ ಭೂಮಿಯಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಭೂಪರಿವರ್ತನೆ ಆಗಿದೆಯೇ ನೋಡಬೇಕು. ಜೊತೆಗೆ ಋಣಭಾರ ಪತ್ರವನ್ನೂ.

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯಲ್ಲಿ ಏಜೆಂಟರ (ದಲ್ಲಾಳಿಗಳ) ನೋಂದಣಿ 9ನೇ ಕಲಂ, ಕರ್ತವ್ಯಗಳು 10ನೇ ಕಲಂ. ಯೋಜನಾ ಪ್ರದೇಶದಲ್ಲಿ ನೋಂದಣಿಯಾಗದ ಯೋಜನೆಯ ನಿವೇಶನ ಮಾರಿಸಿಕೊಡುವುದು, ಇಲ್ಲದ ಸೌಲಭ್ಯ ಇದೆಯೆನ್ನುವುದು ನಿಷಿದ್ಧ. 9 ಮತ್ತು 10ನೇ ಕಲಂ ಮೀರಿದರೆ 62ನೇ ಕಲಂನಂತೆ ದಿನಕ್ಕೆ 10,000 ರೂಪಾಯಿ ದಂಡ. ಒಟ್ಟು ಮಿತಿ, ಮಾರಾಟಕ್ಕೆ ನೆರವಾದ ಆಸ್ತಿಯ ಬೆಲೆಯ ಶೇ 5. ಯೋಜನೆ ನೋಂದಾಯಿಸದ ಪ್ರವರ್ತಕನಿಗೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ದಂಡ (59ನೇ ಕಲಂ). ಪರೀಕ್ಷೆಯಲ್ಲಿ ಇವೆರಡೂ ಅದಲುಬದಲಾಗುತ್ತವೆ.

ಏಜೆಂಟರ ವಿರುದ್ಧದ ದೂರಿಗೆ 31ನೇ ಕಲಂ. ಮೇಲ್ಮನವಿಗೆ 60 ದಿನ.